ಮೂತಿಗೂ ಮಸೂರಕ್ಕೂ ನಡುವಿನ ದೂರ

ಹಸು ಮಾರಾಟಕ್ಕಿದೆ ಎಂದು ಕೋಲಾರದ ಕಡೆ ವಾಟ್ಸಾಪಿನಲ್ಲಿ ಹರಿದಾಡುವ ಫೋಟೊಗಳನ್ನು ಗಮನವಿಟ್ಟು ನೋಡಿ. ಎರಡನೇ ಸೂಲಿನ, ಮೈ ತುಂಬಿಕೊಂಡ ಸೀಮೆಹಸು. ಚಿತ್ರದಲ್ಲಿ ಮಾತ್ರ ಅದರ ಮೂತಿ ಕೊಳಗದಷ್ಟು, ಹಿಂಭಾಗ ಕರುವಿನಷ್ಟು. ಕೊಳ್ಳುವವರು ನೋಡಬೇಕೆಂದಿರುವುದು ಕೆಚ್ಚಲಿನ ಆಕಾರವನ್ನು, ಬೆನ್ನಿನ ನೇರವನ್ನು, ಸೊಂಟದ ಅಗಲವನ್ನು. ಆ ಮೂರೂ ಕುಗ್ಗಿಹೋಗಿರುತ್ತವೆ. ನಾಯಿಮರಿಯ ಫೋಟೊಗಳಲ್ಲೂ ಇದೇ ಪಾಡು. ಮೂಗು ಮುಂದಕ್ಕೆ ಉಬ್ಬಿ, ಕಿವಿ ಹಿಂದಕ್ಕೆ ಸರಿದು, ಮನೆಯವರು ದಿನಾ ನೋಡುವ ಮುಖವೇ ಅದಲ್ಲ ಅನ್ನಿಸುತ್ತದೆ. ಫೋನಿನ ಕ್ಯಾಮೆರಾ ಸರಿಯಿಲ್ಲ, ದೊಡ್ಡ ಕ್ಯಾಮೆರಾ ಇದ್ದಿದ್ದರೆ ಚೆನ್ನಾಗಿ ಬರುತ್ತಿತ್ತು ಎಂದು ಜನ ಅಂದುಕೊಳ್ಳುತ್ತಾರೆ. ಆದರೆ ಅದೇ ಜಾಗದಲ್ಲಿ ನಿಂತು ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾದಿಂದ ತೆಗೆದರೂ ಮೂತಿ ಅಷ್ಟೇ ದಪ್ಪ ಬರುತ್ತದೆ. ಮುಖದ ಆಕಾರವನ್ನು ನಿರ್ಧರಿಸುವುದು ಲೆನ್ಸ್ ಅಲ್ಲ, ನಾವು ನಿಂತ ದೂರ. ಪ್ರಾಣಿಗಳ ಫೋಟೊ ತೆಗೆಯಲು ಯಾವ ಲೆನ್ಸ್ ಕೊಳ್ಳಬೇಕು ಎಂದು ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ.

ಒಂದು ವಸ್ತು ಎರಡು ಪಟ್ಟು ದೂರ ಹೋದರೆ ಅರ್ಧದಷ್ಟಾಗಿ ಕಾಣುತ್ತದೆ. ಇಷ್ಟೇ ನಿಯಮ. ದೊಡ್ಡ ಹಸುವಿನ ಮೂಗಿನ ತುದಿಯಿಂದ ಕಣ್ಣಿಗೆ ಸುಮಾರು 30 ಸೆಂ.ಮೀ. ಇದೆ ಅನ್ನಿ. ಮೂಗಿನಿಂದ ಅರ್ಧ ಮೀಟರ್ ಎದುರಿಗೆ ಫೋನ್ ಹಿಡಿದರೆ ಮೂಗು 50 ಸೆಂ.ಮೀ. ದೂರದಲ್ಲಿ, ಕಣ್ಣು 80 ಸೆಂ.ಮೀ. ದೂರದಲ್ಲಿ. ಅಂದರೆ ಕಣ್ಣಿಗೆ ಹೋಲಿಸಿದಾಗ ಮೂಗು 1.6 ಪಟ್ಟು ಹಿಗ್ಗಿ ಕಾಣುತ್ತದೆ. ಮೂರು ಮೀಟರ್ ದೂರಕ್ಕೆ ಸರಿದರೆ ಲೆಕ್ಕ 300ಕ್ಕೆ 330. ಹಿಗ್ಗು ಶೇಕಡ ಹತ್ತಕ್ಕೆ ಇಳಿಯಿತು, ಅಷ್ಟನ್ನು ನಮ್ಮ ಕಣ್ಣು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾಯಿಗಳಲ್ಲಿ ಇದು ತಳಿಯಿಂದ ತಳಿಗೆ ಬದಲಾಗುತ್ತದೆ. ಉದ್ದ ಮೂತಿಯ ಮುಧೋಳ ನಾಯಿಯ ಮುಖ ಹತ್ತಿರದಿಂದ ತೆಗೆದಾಗ ತುಂಬ ಕೆಡುತ್ತದೆ. ಚಪ್ಪಟೆ ಮುಖದ ಪಗ್ ಹೆಚ್ಚು ಕೆಡುವುದಿಲ್ಲ, ಏಕೆಂದರೆ ಅದರ ಮೂಗಿಗೂ ಕಣ್ಣಿಗೂ ನಡುವೆ ಬೆರಳೆರಡರಷ್ಟೂ ಅಂತರವಿಲ್ಲ. ಊರನಾಯಿಗಳದ್ದು ಇವೆರಡರ ನಡುವಿನ ಮೂತಿ, ಹತ್ತು ಸೆಂ.ಮೀ. ಆಸುಪಾಸು. ಒಂದೂವರೆ ಮೀಟರ್ ಬಿಟ್ಟು ನಿಂತರೆ ಅವುಗಳ ಮುಖ ಸರಿಯಾಗಿ ಬರುತ್ತದೆ.

ಹಾಗಾದರೆ ಲೆನ್ಸಿನ ಕೆಲಸವೇನು? ನಾವು ನಿಂತ ದೂರದಿಂದ ಪ್ರಾಣಿ ಚೌಕಟ್ಟಿನ ತುಂಬ ಬರುವಂತೆ ಮಾಡುವುದು. ಲೆನ್ಸಿನ ಮೇಲೆ ಬರೆದಿರುವ 24, 50, 85, 200 ಎಂಬ ಅಂಕಿಗಳು ಅದರ ಸಂಗಮದೂರ, ಮಿಲಿಮೀಟರಿನಲ್ಲಿ. ಅಂಕಿ ಹೆಚ್ಚಿದಷ್ಟೂ ನೋಟ ಕಿರಿದಾಗುತ್ತದೆ, ಬಿಂಬ ದೊಡ್ಡದಾಗುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ಕ್ಯಾಮೆರಾವನ್ನು ನಿಲ್ಲಿಸಿ ಹಿಡಿದು, 60 ಸೆಂ.ಮೀ. ಎತ್ತರ ಕೂತಿರುವ ನಾಯಿಯನ್ನು ಸೆನ್ಸರಿನ ಮೇಲೆ 30 ಮಿ.ಮೀ. ಎತ್ತರಕ್ಕೆ ತರಬೇಕು ಅಂದರೆ, ಸಂಗಮದೂರದ ಇಪ್ಪತ್ತು ಪಟ್ಟು ದೂರದಲ್ಲಿ ನಿಲ್ಲಬೇಕು. 24 ಮಿ.ಮೀ. ಲೆನ್ಸಿಗೆ ಅದು ಅರ್ಧ ಮೀಟರಿಗೂ ಕಡಿಮೆ. 50ಕ್ಕೆ ಒಂದು ಮೀಟರ್, 85ಕ್ಕೆ 1.7 ಮೀಟರ್, 200ಕ್ಕೆ ನಾಲ್ಕು ಮೀಟರ್. ಹೆಚ್ಚಿನ ಫೋನುಗಳ ಮುಖ್ಯ ಕ್ಯಾಮೆರಾ 24ರಿಂದ 26 ಮಿ.ಮೀ. ಲೆನ್ಸಿಗೆ ಸಮನಾದ ಅಗಲ ನೋಟದ್ದು. ಚಿತ್ರ ತುಂಬಿಕೊಳ್ಳಲಿ ಎಂದು ನಾವು ತಾನಾಗಿಯೇ ಹತ್ತಿರ ಹೋಗುತ್ತೇವೆ, ಹತ್ತಿರ ಹೋದದ್ದೇ ಮೂತಿ ಉಬ್ಬುತ್ತದೆ. ಲೆನ್ಸಿನ ತಪ್ಪು ಇದರಲ್ಲಿ ಅಷ್ಟು ಮಾತ್ರ: ಅದು ನಮ್ಮನ್ನು ಹತ್ತಿರಕ್ಕೆ ಕರೆಯಿತು. ಫೋನಿರುವವರು ನಾಲ್ಕು ಹೆಜ್ಜೆ ಹಿಂದೆ ಸರಿದು 2 ಪಟ್ಟು ಅಥವಾ 3 ಪಟ್ಟು ಝೂಮ್ ಒತ್ತಿದರೆ ಹಸುವಿಗೆ ಅದರ ಸ್ವಂತ ಮುಖ ಮರಳಿ ಸಿಗುತ್ತದೆ. ಫೋನಿನಲ್ಲಿ ಬೇರೆ ಟೆಲಿ ಲೆನ್ಸ್ ಇಲ್ಲದಿದ್ದರೆ ವಿವರ ಸ್ವಲ್ಪ ಕಡಿಮೆಯಾಗಬಹುದು. ಆಕಾರ ಸರಿಯಿರುವುದು ಅದಕ್ಕಿಂತ ದೊಡ್ಡದು.

ಮಾರಾಟದ ಚಿತ್ರಕ್ಕೆ ಹಸುವನ್ನು ಅಡ್ಡಲಾಗಿ ನಿಲ್ಲಿಸಿ ತೆಗೆಯಬೇಕು. ಮೂಗಿನಿಂದ ಬಾಲದ ಬುಡಕ್ಕೆ ಎರಡು ಮೀಟರಿಗೂ ಹೆಚ್ಚು ಉದ್ದದ ಪ್ರಾಣಿ ಅದು. ತಲೆಯ ಬಳಿ ಒಂದು ಮೀಟರ್ ದೂರದಲ್ಲಿ ನಿಂತು ಓರೆಯಾಗಿ ತೆಗೆದರೆ ಸೊಂಟ ಮೂರು ಮೀಟರ್ ದೂರದಲ್ಲಿರುತ್ತದೆ, ಮೂರನೇ ಒಂದು ಪಾಲಿಗೆ ಕುಗ್ಗುತ್ತದೆ. ನೇರ ಪಕ್ಕದಲ್ಲಿ, ನಾಲ್ಕೈದು ಮೀಟರ್ ಬಿಟ್ಟು, ಹಸುವಿನ ಹೊಟ್ಟೆಯ ಎತ್ತರಕ್ಕೆ ಬಗ್ಗಿ ತೆಗೆದರೆ ಅಂಗಗಳ ಅಳತೆ ಒಂದಕ್ಕೊಂದು ಹೊಂದುತ್ತದೆ. 50 ಮಿ.ಮೀ. ಲೆನ್ಸಿಗೆ ಅಷ್ಟು ದೂರ ಸಾಕು. ತೊಡಕಿರುವುದು ಕೊಟ್ಟಿಗೆಯಲ್ಲಿ, ಅಲ್ಲಿ ಗೋಡೆಯಿಂದ ಗೋಡೆಗೇ ನಾಲ್ಕು ಮೀಟರ್ ಇರುವುದಿಲ್ಲ. ಹಸುವನ್ನು ಅಂಗಳಕ್ಕೆ ಕರೆತನ್ನಿ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಹಾಲಿನ ಡೈರಿಯೇ ಎಷ್ಟೋ ಮನೆಗಳ ತಿಂಗಳ ಖರ್ಚನ್ನು ನಡೆಸುತ್ತದೆ. ಸೀಮೆಹಸುಗಳು ಇಲ್ಲಿ ನೆಲೆಯೂರಿದ ಬಗೆಯನ್ನು ಹೇಳುವಾಗ ಜನ ರಾಜಕಾರಣಿ ಎಂ.ವಿ. ಕೃಷ್ಣಪ್ಪನವರ ಹೆಸರನ್ನು ಇಂದಿಗೂ ನೆನೆಯುತ್ತಾರೆ. ಮನೆಯ ಜೀವನಾಧಾರವಾದ ಪ್ರಾಣಿಯ ಒಂದು ನೆಟ್ಟಗಿನ ಚಿತ್ರಕ್ಕೆ ಇಷ್ಟು ಶ್ರಮ ಪಡುವುದು ನ್ಯಾಯ ಎಂದು ನನಗನ್ನಿಸುತ್ತದೆ.

ಎಷ್ಟು ದೂರ ನಿಲ್ಲಬೇಕೆಂಬುದರಲ್ಲಿ ಪ್ರಾಣಿಗೂ ಒಂದು ಮಾತಿದೆ. ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಮೃಗಾಲಯಗಳಲ್ಲಿ ಕೆಲಸ ಮಾಡುತ್ತ ಒಂದು ಸಂಗತಿಯನ್ನು ವಿವರಿಸಿದರು: ಪ್ರತಿ ಪ್ರಾಣಿಗೂ ತನ್ನ ಸುತ್ತ ಕಣ್ಣಿಗೆ ಕಾಣದ ಒಂದು ಎಲ್ಲೆ ಇರುತ್ತದೆ, ಅಪರಿಚಿತರು ಅದನ್ನು ದಾಟಿದ ಕೂಡಲೇ ಅದು ಜಾಗ ಬಿಟ್ಟು ಸರಿಯುತ್ತದೆ. ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಇದೇ ತಿಳಿವಳಿಕೆಯನ್ನು ದನಗಳಿಗೆ ಅನ್ವಯಿಸಿ, ಅವನ್ನು ಹೆದರಿಸದೆ ನಡೆಸುವ ದಾರಿಗಳನ್ನು ರೂಪಿಸಿದರು. ದಿನಾ ಮೈ ತೊಳೆಸಿಕೊಳ್ಳುವ, ಹಾಲು ಕೊಡುವ ಹಸುವಿಗೆ ಮನೆಯವರ ಮಟ್ಟಿಗೆ ಆ ಎಲ್ಲೆ ಸೊನ್ನೆಗೆ ಹತ್ತಿರ. ಕ್ಯಾಮೆರಾ ಹಿಡಿದ ಹೊಸಬರಿಗೆ ಅದು ಹಾಗಿರುವುದಿಲ್ಲ. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಶಿವರಾತ್ರಿಯ ಆಸುಪಾಸಿಗೆ ದನಗಳ ಜಾತ್ರೆ ಕೂಡುತ್ತದಲ್ಲ, ಅಲ್ಲಿ ನೋಡಿ ಇದನ್ನು. ನೀಳ ಮುಖ, ಹಿಂದಕ್ಕೆ ಬಾಗಿದ ಉದ್ದ ಕೊಂಬಿನ ಹಳ್ಳಿಕಾರ್ ಎತ್ತು ಒಡೆಯರ ಕೈಯಲ್ಲಿ ಶಾಂತವಾಗಿ ನಿಂತಿರುತ್ತದೆ. ಅಪರಿಚಿತರು ಎದುರಿನಿಂದ ನೇರ ನಡೆದು ಬಂದರೆ ತಲೆ ಎತ್ತುತ್ತದೆ, ಕಿವಿ ನಿಮಿರುತ್ತದೆ, ಮೂಗಿನ ಹೊಳ್ಳೆ ಅಗಲವಾಗುತ್ತದೆ. ಆಗ ತೆಗೆದದ್ದು ಗಾಬರಿಯ ಚಿತ್ರ. 85ರಿಂದ 200 ಮಿ.ಮೀ. ನಡುವಿನ ಲೆನ್ಸ್ ಇಲ್ಲಿ ಬೆಲೆ ಬಾಳುತ್ತದೆ: ಎಲ್ಲೆಯ ಹೊರಗೆ ನಿಂತು, ಎತ್ತು ತನ್ನ ಪಾಡಿಗೆ ಮೆಲುಕು ಹಾಕುವಾಗ ತೆಗೆಯಬಹುದು.

ಯಾವ ಕಡೆಯಿಂದ ಹೋಗಬೇಕು ಎಂಬುದನ್ನು ಮೇಯುವ ಪ್ರಾಣಿಗಳ ಕಣ್ಣೇ ಹೇಳುತ್ತದೆ. ದನ, ಕುರಿ, ಮೇಕೆಗಳ ಕಣ್ಣಿನ ಪಾಪೆ ಅಡ್ಡಡ್ಡ ಸೀಳಿದಂತಿದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಂಗಡಿಗರು 214 ನೆಲವಾಸಿ ಪ್ರಾಣಿಪ್ರಭೇದಗಳ ಪಾಪೆಗಳನ್ನು ಹೋಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಡ್ಡ ಪಾಪೆ ಇರುವುದು ಹೆಚ್ಚಾಗಿ ಬೇಟೆಗೆ ತುತ್ತಾಗುವ ಮೇಯುವ ಪ್ರಾಣಿಗಳಲ್ಲಿ. ನೆಲದುದ್ದಕ್ಕೂ ಎರಡೂ ಬದಿಯ ನೋಟವನ್ನು ಅದು ಒಳಗೆ ಬಿಟ್ಟುಕೊಳ್ಳುತ್ತದೆ, ಮೇಲಿನ ಬಿಸಿಲಿನ ಕೋರೈಸುವಿಕೆಯನ್ನು ತಡೆಯುತ್ತದೆ. ಮೇಯಲು ತಲೆ ತಗ್ಗಿಸಿದಾಗ ಈ ಪ್ರಾಣಿಗಳ ಕಣ್ಣುಗುಡ್ಡೆಗಳು 50 ಡಿಗ್ರಿಯಷ್ಟು ತಿರುಗಿ ಪಾಪೆಯನ್ನು ನೆಲಕ್ಕೆ ಸಮಾನಾಂತರವಾಗಿಯೇ ಇಟ್ಟುಕೊಳ್ಳುತ್ತವೆ. ಮೇಯುತ್ತಿರುವ ಮೇಕೆಯ ಕಣ್ಣನ್ನು ಉದ್ದ ಲೆನ್ಸಿನಿಂದ ತುಂಬಿಕೊಂಡರೆ ಇದನ್ನು ನೀವೇ ಕಾಣಬಹುದು. ಆ ಸೀಳು ಮುಖದ ಓರೆಯನ್ನು ಅನುಸರಿಸದೆ ನೆಲದ ಗೆರೆಯನ್ನೇ ಹಿಡಿದಿರುತ್ತದೆ. ದನಕ್ಕೆ ಸುತ್ತಮುತ್ತ ಬಹುಪಾಲು ಕಾಣುತ್ತದೆ, ಬೆನ್ನ ಹಿಂದಿನ ಒಂದು ಸಣ್ಣ ತುಣುಕು ಬಿಟ್ಟು. ಅಲ್ಲಿಂದ ಹೋದರೆ ಬೆಚ್ಚಿ ಒದೆಯುತ್ತದೆ. ಭುಜದ ಪಕ್ಕದಿಂದ, ನಿಧಾನವಾಗಿ, ಮಾತಾಡಿಸುತ್ತ ಹೋಗುವುದೇ ಸರಿ.

ನಾಯಿ ಬೆಕ್ಕುಗಳಿಗೆ ಕಿವಿಯ ಕಾಟವೂ ಇದೆ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ; ನಾಯಿಯದು ಸುಮಾರು 45ರವರೆಗೆ, ಬೆಕ್ಕಿನದು 60ಕ್ಕೂ ಮೇಲೆ ಹೋಗುತ್ತದೆ. ಕ್ಯಾನನ್ ಕಂಪನಿ 1987ರಲ್ಲಿ ಶ್ರವಣಾತೀತ ಕಂಪನದಿಂದ ಫೋಕಸ್ ತಿರುಗಿಸುವ ಲೆನ್ಸನ್ನು ಹೊರತಂದಾಗಿನಿಂದ ಅಂಥ ಮೋಟಾರುಗಳು ಸಾಮಾನ್ಯವಾಗಿವೆ. ನಮಗೆ ಸದ್ದಿಲ್ಲದ್ದು ಅವಕ್ಕೂ ಸದ್ದಿಲ್ಲದ್ದಾಗಿರಬೇಕಿಲ್ಲ. ಹೊಸ ಲೆನ್ಸನ್ನು ಮನೆಯ ನಾಯಿಯ ಪಕ್ಕ ಸುಮ್ಮನೆ ಇಟ್ಟು, ಮೂಸಲು ಬಿಟ್ಟು, ಫೋಕಸ್ ನಾಲ್ಕಾರು ಬಾರಿ ಓಡಿಸಿ ಆಮೇಲೆ ಚಿತ್ರ ತೆಗೆಯುವುದು ಒಳ್ಳೆಯ ಅಭ್ಯಾಸ.

ಇನ್ನು ಬೆಳಕು. 50 ಮಿ.ಮೀ. ಎಫ್ 1.8 ಲೆನ್ಸನ್ನು ಇಷ್ಟೊಂದು ಜನ ಹೊಗಳುವುದಕ್ಕೆ ಕಾರಣ ಇಲ್ಲಿದೆ. ನಡು ಮಧ್ಯಾಹ್ನದ ಬಯಲಿನಲ್ಲಿ ಬೆಳಕು ಸುಮಾರು ಒಂದು ಲಕ್ಷ ಲಕ್ಸ್. ಒಂದೇ ಬಾಗಿಲಿನ ಕೊಟ್ಟಿಗೆಯ ಒಳಗೆ ನೂರು ಲಕ್ಸ್ ಇದ್ದರೆ ಹೆಚ್ಚು. ಸಾವಿರ ಪಟ್ಟು ಕಡಿಮೆ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಂತರ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಎಫ್ ನಂಬರ್ ಅಂದರೆ ಸಂಗಮದೂರವನ್ನು ಲೆನ್ಸಿನ ಬಾಯಿಯ ವ್ಯಾಸದಿಂದ ಭಾಗಿಸಿದ್ದು. ಅದು ಕಿರಿದಾದಷ್ಟೂ ಬಾಯಿ ಅಗಲ. ಕ್ಯಾಮೆರಾದ ಜೊತೆ ಕೊಡುವ ಸಾಮಾನ್ಯ ಝೂಮ್ ಲೆನ್ಸ್ 55 ಮಿ.ಮೀ.ನಲ್ಲಿ ಎಫ್ 5.6ಕ್ಕೆ ಮಾತ್ರ ತೆರೆಯುತ್ತದೆ. ಎಫ್ 1.8 ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಎಫ್ 1.8 ಇಟ್ಟು, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯನ್ನು ಸೂಚಿಸುವ ಐಎಸ್‌ಒ 1600ಕ್ಕೆ ಏರಿಸಿದರೆ ನೂರು ಲಕ್ಸಿನ ಕೊಟ್ಟಿಗೆಯಲ್ಲೂ ಸೆಕೆಂಡಿನ 125ನೇ ಒಂದು ಭಾಗದಲ್ಲಿ ಚಿತ್ರ ಸಿಗುತ್ತದೆ, ಮೆಲುಕು ಹಾಕುವ ಹಸುವಿಗೆ ಅಷ್ಟು ಸಾಕು. ಈ ಹಂಬಲ ಹೊಸದಲ್ಲ. ಛಾಯಾಗ್ರಹಣದ ಮೊದಲ ವರ್ಷಗಳಲ್ಲಿ ಮನುಷ್ಯರೇ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ರೂಪಿಸಿದ ಎಫ್ 3.6 ಲೆನ್ಸ್ ಆಗಿನ ಲೆನ್ಸುಗಳಿಗಿಂತ ಹದಿನೈದು ಪಟ್ಟಿಗೂ ಹೆಚ್ಚು ಬೆಳಕು ತಂದು ಮುಖಚಿತ್ರಗಳನ್ನು ಸಾಧ್ಯವಾಗಿಸಿತು. ಪ್ರಾಣಿಗಳು ಇನ್ನೂ ಕಾಯಬೇಕಾಯಿತು. ಓಡುವ ಕುದುರೆಯ ಕಾಲುಗಳನ್ನು ಛಾಯಾಗ್ರಾಹಕ ಈಡ್ವರ್ಡ್ ಮೈಬ್ರಿಜ್ ಸಾಲು ಕ್ಯಾಮೆರಾಗಳಿಂದ ಹಿಡಿದದ್ದು 1878ರಲ್ಲಿ.

ಮಾಲೂರು ಇಟ್ಟಿಗೆಗೂ ಹೆಂಚಿಗೂ ಹೆಸರಾದ ಊರು. ಆ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ನಡುಮನೆಯ ಮೇಲೆ ಒಂದೆರಡು ಗಾಜಿನ ಹೆಂಚು ಕೂಡಿಸಿರುತ್ತಾರೆ. ಅದರಿಂದ ಇಳಿದ ಬಿಸಿಲಿನ ಚೌಕದಲ್ಲಿ ಮನೆಯ ಬೆಕ್ಕು ಮಲಗುತ್ತದೆ, ಬಿಸಿಲು ಸರಿದ ಹಾಗೆ ತಾನೂ ಸರಿಯುತ್ತದೆ. ಚೌಕದೊಳಗೆ ಬಯಲಿನ ಬಿಸಿಲು, ಒಂದು ಅಡಿ ಆಚೆ ಕತ್ತಲು. ಯಾವ ಸೆನ್ಸರೂ ಎರಡನ್ನೂ ಒಟ್ಟಿಗೆ ನೆಟ್ಟಗೆ ಹಿಡಿಯಲಾರದು. ಬೆಕ್ಕು ಚೌಕದ ಅಂಚಿಗೆ ಬರುವವರೆಗೆ ಕಾಯಿರಿ. ಆಗ ನೆಲದಿಂದ ಚಿಮ್ಮಿದ ಮೆತ್ತಗಿನ ಬೆಳಕು ಅದರ ಮುಖವನ್ನು ಕೆಳಗಿನಿಂದ ತುಂಬುತ್ತದೆ, ಕೆಂಪು ನೆಲವಾದರೆ ಬಣ್ಣವೂ ಬೆಚ್ಚಗಿರುತ್ತದೆ. ಬಿಸಿಲಲ್ಲಿ ಗೆರೆಯಂತಿದ್ದ ಪಾಪೆ ನೆರಳಲ್ಲಿ ದುಂಡಗಾಗುವುದೂ ಕಾಣುತ್ತದೆ. ಬೆಕ್ಕಿನ ಪಾಪೆಯ ವಿಸ್ತೀರ್ಣ 135 ಪಟ್ಟು ಹಿಗ್ಗಿ ಕುಗ್ಗಬಲ್ಲದು, ನಮ್ಮದು 15 ಪಟ್ಟು. ಎಫ್ 1.8ರಿಂದ ಎಫ್ 22ರವರೆಗೆ ಹೋಗುವ ಲೆನ್ಸಿನ ಬಾಯಿಯ ವಿಸ್ತೀರ್ಣ ಸುಮಾರು 150 ಪಟ್ಟು ಬದಲಾಗುತ್ತದೆ. ಬೆಕ್ಕಿನ ಕಣ್ಣು ಈ ವಿಷಯದಲ್ಲಿ ಒಳ್ಳೆಯ ಲೆನ್ಸಿಗೆ ಹತ್ತಿರ ಹತ್ತಿರ ಸಮ.

ಅಗಲ ಬಾಯಿಯ ಲೆನ್ಸಿಗೆ ಒಂದು ಬೆಲೆ ತೆರಬೇಕು: ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಲೆಕ್ಕವಿದೆ. ಕೂತ ನಾಯಿಯನ್ನು ಚೌಕಟ್ಟಿನ ತುಂಬ ಒಂದೇ ಅಳತೆಗೆ ತಂದುಕೊಂಡರೆ, 50 ಆಗಲಿ 85 ಆಗಲಿ 200 ಆಗಲಿ, ಸ್ಪಷ್ಟತೆಯ ಆಳ ಹೆಚ್ಚುಕಡಿಮೆ ಒಂದೇ. ಅದು ಎಫ್ ನಂಬರನ್ನು 24 ಮಿ.ಮೀ.ನಿಂದ ಗುಣಿಸಿದಷ್ಟು. ಎಫ್ 1.8ರಲ್ಲಿ ನಾಲ್ಕು ಸೆಂ.ಮೀ.ಗೆ ತುಸು ಮೇಲೆ, ಎಫ್ 5.6ರಲ್ಲಿ ಹದಿಮೂರು ಸೆಂ.ಮೀ. ಊರನಾಯಿಯ ಮೂಗಿಗೂ ಕಣ್ಣಿಗೂ ಹತ್ತು ಸೆಂ.ಮೀ. ಅಂತರ ಅಂದೆವಲ್ಲ, ಎಫ್ 1.8ರಲ್ಲಿ ಕಣ್ಣು ಸ್ಪಷ್ಟವಾದರೆ ಮೂಗು ಮಸುಕು. ಇನ್ನೂ ಬಿಗಿಯಾಗಿ ಬರೀ ಮುಖ ತುಂಬಿಸಿಕೊಂಡರೆ ಎಫ್ 1.8ರ ಆಳ ಒಂದೇ ಸೆಂಟಿಮೀಟರಿನಷ್ಟು, ರೆಪ್ಪೆ ಒಂದು ಕಡೆ, ಪಾಪೆ ಇನ್ನೊಂದು ಕಡೆ. ದುಬಾರಿ ಎಫ್ 1.4, ಎಫ್ 1.2 ಲೆನ್ಸುಗಳು ಉದ್ದ ಮೂತಿಯ ಪ್ರಾಣಿಗಳಿಗೆ ಅಷ್ಟಾಗಿ ಉಪಯೋಗಕ್ಕೆ ಬಾರವು ಎಂಬ ನನ್ನ ಅಭಿಪ್ರಾಯ ಈ ಲೆಕ್ಕದಿಂದಲೇ ಬಂದದ್ದು. ಹಣ ಉಳಿಸುವ ಇನ್ನೊಂದು ಉಪಾಯ ನಾಯಿಯ ಮುಖವನ್ನು ಪಕ್ಕಕ್ಕೆ ತಿರುಗಿಸುವುದು. ಆಗ ಮೂಗು, ಕಣ್ಣು ಎರಡೂ ಕ್ಯಾಮೆರಾದಿಂದ ಒಂದೇ ದೂರಕ್ಕೆ ಬರುತ್ತವೆ, ಸಣ್ಣ ಆಳದಲ್ಲೇ ಎರಡೂ ನಿಲ್ಲುತ್ತವೆ. ಹಿನ್ನೆಲೆಯ ಮಾತು ಬೇರೆ. ಅದು ಉದ್ದ ಲೆನ್ಸಿನಲ್ಲೇ ಹೆಚ್ಚು ಕರಗುತ್ತದೆ. ಗೋಡೆಯ ಮೇಲಿನ ಜಾಹೀರಾತು, ಮೇವಿನ ಮೆದೆ, ನಿಂತ ಬೈಕು ಎಲ್ಲ ಬಣ್ಣದ ಕಲೆಗಳಾಗಿ ಹಿಂದೆ ಸರಿಯುತ್ತವೆ. ಫೋನಿನ ಪೋರ್ಟ್ರೇಟ್ ಮೋಡ್ ಇದನ್ನು ಗಣಿತದಿಂದ ಅನುಕರಿಸುತ್ತದೆ, ಆದರೆ ಬೆಕ್ಕಿನ ಮೀಸೆಯನ್ನೂ ಕಿವಿಯ ತುದಿಯ ಕೂದಲನ್ನೂ ಹಿನ್ನೆಲೆ ಎಂದೇ ತಿಳಿದು ಅಳಿಸಿಬಿಡುವುದುಂಟು.

ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಕಾಯಿ ಬಲಿಯುವ ಕಾಲಕ್ಕೆ ಕಾವಲು ನಾಯಿಗಳೂ ಇರುತ್ತವೆ, ಅವುಗಳ ಚಿತ್ರ ತೆಗೆಯಲು ಆಸೆಯಾಗುತ್ತದೆ. ತೊಂದರೆ ಕೊಡುವುದು ಎಲೆಗಳ ಸಂದಿನಿಂದ ಇಳಿಯುವ ಬಿಸಿಲ ಚುಕ್ಕೆಗಳು. ಸಂದು ಯಾವ ಆಕಾರದ್ದಾದರೂ ನೆಲದ ಮೇಲಿನ ಚುಕ್ಕೆ ದುಂಡಗಿರುತ್ತದೆ, ಏಕೆಂದರೆ ಪ್ರತಿ ಚುಕ್ಕೆಯೂ ಸೂಜಿರಂಧ್ರದ ಮೂಲಕ ಮೂಡಿದ ಸೂರ್ಯನ ಬಿಂಬ. ನಾಯಿಯ ಮೈಮೇಲೆ ಹತ್ತಾರು ಸೂರ್ಯ ಬಿದ್ದಿರುತ್ತಾನೆ, ಅದರ ಬಣ್ಣ ಯಾವುದೆಂದೇ ತಿಳಿಯುವುದಿಲ್ಲ. ಏಪ್ರಿಲ್ ಕೊನೆಯ ವಾರದಲ್ಲಿ ಇಲ್ಲಿ ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ಬರುತ್ತಾನೆ. ಆ ದಿನಗಳ ನಡುಮಧ್ಯಾಹ್ನ ನಾಯಿಯ ಕಣ್ಣು ಹುಬ್ಬಿನ ನೆರಳಿನಲ್ಲಿ ಮುಳುಗುತ್ತದೆ. ಬೆಳಗಿನ ಎಂಟಕ್ಕೆ ಮುಂಚೆ ತೋಪಿನ ಅಂಚಿಗೆ, ಮರದ ಸಾಲು ಮುಗಿಯುವಲ್ಲಿಗೆ ಬನ್ನಿ. 70-200 ಅಥವಾ 70-300 ಝೂಮ್ ಇದ್ದರೆ ನಾಯಿ ಸಾಲುಗಳ ನಡುವೆ ಓಡಿಬರುವುದನ್ನು ಹಿಡಿಯಬಹುದು. ಸೆಕೆಂಡಿಗೆ ಎಂಟು ಮೀಟರ್ ಓಡುವ ನಾಯಿ ಸೆಕೆಂಡಿನ ಸಾವಿರನೇ ಒಂದು ಭಾಗದಲ್ಲೂ ಎಂಟು ಮಿಲಿಮೀಟರ್ ಸರಿದಿರುತ್ತದೆ. ಶಟರನ್ನು ಅದಕ್ಕಿಂತ ನಿಧಾನ ಇಡಬೇಡಿ.

ರಾತ್ರಿ ಫ್ಲ್ಯಾಶ್ ಹಾಕಿದಾಗ ಕಣ್ಣು ಹಸಿರಾಗಿ ಉರಿಯುವುದು ನಾಯಿ, ಬೆಕ್ಕು, ಹಸು, ಮೇಕೆ ಎಲ್ಲಕ್ಕೂ ಸಾಮಾನ್ಯ. ಅಕ್ಷಿಪಟದ ಹಿಂದೆ ಅವಕ್ಕೆ ಟೇಪಿಟಮ್ ಎಂಬ ಹೊಳೆಯುವ ಪದರವಿದೆ, ಒಮ್ಮೆ ದಾಟಿಹೋದ ಬೆಳಕನ್ನು ಹಿಂದಕ್ಕೆ ಕಳಿಸಿ ಮತ್ತೊಂದು ಅವಕಾಶ ಕೊಡುತ್ತದೆ. ಮನುಷ್ಯರಿಗೆ ಅದಿಲ್ಲ. ಬೆಳಕು ಬಂದ ದಾರಿಯಲ್ಲೇ ಮರಳುವುದರಿಂದ ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇದ್ದರೆ ಹೊಳಪು ಸೀದಾ ಲೆನ್ಸಿನೊಳಗೆ ಬೀಳುತ್ತದೆ. ಫೋನಿನಲ್ಲಿ ಎರಡಕ್ಕೂ ಒಂದೆರಡು ಸೆಂ.ಮೀ. ಅಂತರ ಮಾತ್ರ. ದೂರ ನಿಂತಷ್ಟೂ ಆ ಕೋನ ಇನ್ನೂ ಕಿರಿದಾಗುತ್ತದೆ, ಉರಿ ಹೆಚ್ಚುತ್ತದೆ. ಹಿಂದೆ ಸರಿಯಿರಿ ಎಂದು ಇಷ್ಟು ಹೊತ್ತು ಹೇಳಿದ ಸಲಹೆ ಸಲ್ಲದ ಜಾಗ ಇದೊಂದು. ಇನ್ನೊಬ್ಬರ ಕೈಗೆ ಟಾರ್ಚ್ ಕೊಟ್ಟು ಪಕ್ಕದಿಂದ, ಸುಣ್ಣದ ಗೋಡೆಗೆ ಹಾಯಿಸಿ ಬೆಳಕು ತಂದುಕೊಳ್ಳುವುದು ಕಣ್ಣಿಗೂ ಹಿತ, ಚಿತ್ರಕ್ಕೂ ಹಿತ.

ಹತ್ತಿರವೇ ಹೋಗಬೇಕಾದ ಇನ್ನೊಂದು ಸಂದರ್ಭವೆಂದರೆ ಹಸುವಿನ ಮೂಗನ್ನು ಗುರುತಿಗಾಗಿ ತೆಗೆಯುವುದು. ಹಸುವಿನ ಒದ್ದೆ ಮೂಗಿನ ಮೇಲಿನ ಉಬ್ಬು ತಗ್ಗುಗಳ ವಿನ್ಯಾಸ ನಮ್ಮ ಬೆರಳಚ್ಚಿನ ಹಾಗೆ ಒಂದಕ್ಕೊಂದು ಬೇರೆ. ಶಾಯಿ ಹಚ್ಚಿ ಮೂಗಿನ ಅಚ್ಚು ತೆಗೆದು ದನಗಳನ್ನು ಗುರುತಿಸಬಹುದೆಂದು ಅಮೆರಿಕದಲ್ಲಿ 1922ರಲ್ಲೇ ವೈಜ್ಞಾನಿಕ ಪ್ರಬಂಧ ಪ್ರಕಟವಾಗಿತ್ತು. ಈಗ ಕಿವಿಯ ಹಳದಿ ಓಲೆಯ ಹನ್ನೆರಡು ಅಂಕಿಗಳ ಜೊತೆಗೆ ಮೂಗಿನ ಫೋಟೊದಿಂದಲೂ ಹಸುವನ್ನು ಪತ್ತೆಮಾಡುವ ತಂತ್ರಾಂಶಗಳು ಬಂದಿವೆ. ಓಲೆ ಕಿತ್ತುಹೋಗಬಹುದು, ಮೂಗು ಹೋಗುವುದಿಲ್ಲ. ಇಲ್ಲಿ ಬೇಕಿರುವುದು ಚಪ್ಪಟೆಯಾದ ಒಂದೇ ಭಾಗ, ಆದ್ದರಿಂದ ಉಬ್ಬುವಿಕೆಯ ಭಯವಿಲ್ಲ. ಹತ್ತಿರದ ಫೋಕಸ್ ಎಷ್ಟರವರೆಗೆ ಸಿಗುತ್ತದೆ ಎಂಬುದೇ ಮುಖ್ಯ. ಸಾಮಾನ್ಯ 85 ಮಿ.ಮೀ. ಲೆನ್ಸ್ ಸುಮಾರು 80 ಸೆಂ.ಮೀ.ಗಿಂತ ಹತ್ತಿರ ಫೋಕಸ್ ಮಾಡದು, 50 ಮಿ.ಮೀ. ಲೆನ್ಸುಗಳಲ್ಲಿ ಕೆಲವು 35 ಸೆಂ.ಮೀ.ವರೆಗೆ ಬರುತ್ತವೆ, ಫೋನ್ ಇನ್ನೂ ಹತ್ತಿರ ಹೋಗುತ್ತದೆ. ಈ ಕೆಲಸಕ್ಕೆ ಫೋನೇ ಮೇಲು. ಬಟ್ಟೆಯಿಂದ ಮೂಗಿನ ತೇವ ಒರೆಸಿ, ಫ್ಲ್ಯಾಶ್ ಆರಿಸಿ, ಬಾಗಿಲ ಬೆಳಕು ಒಂದು ಪಕ್ಕದಿಂದ ಬೀಳುವಂತೆ ಹಸುವನ್ನು ನಿಲ್ಲಿಸಿ, ಮೂಗಿಗೆ ನೇರ ಎದುರಾಗಿ ಸುಮಾರು 30 ಸೆಂ.ಮೀ. ದೂರದಲ್ಲಿ ಫೋನ್ ಹಿಡಿಯಿರಿ. ಪಕ್ಕದ ಬೆಳಕಿಗೆ ಪ್ರತಿ ಉಬ್ಬಿನ ಅಂಚಿಗೂ ಸಣ್ಣದೊಂದು ನೆರಳು ಮೂಡುತ್ತದೆ. ತೇವ ಮತ್ತೆ ಊರಿ ಹೊಳಪು ಬರುವುದಕ್ಕೆ ಹೆಚ್ಚು ಹೊತ್ತು ಬೇಡ, ನಾಲಿಗೆ ಮೂಗಿಗೆ ತಲುಪುವುದಕ್ಕೂ ಹೆಚ್ಚು ಹೊತ್ತು ಬೇಡ. ಆದ್ದರಿಂದ ಮೊದಲು ಫೋಕಸ್ ಸಿದ್ಧಮಾಡಿಕೊಂಡು ಆಮೇಲೆ ಒರೆಸಿ.